ಪರಿಹಾರ ಅಲ್ಲ, ಬಾಕಿ

ಮೊನ್ನೆ ಹಿರಿಯೂರು ತಾಲ್ಲೂಕಿನ ಯಲ್ಲದಕೆರೆಯಲ್ಲಿ, ಕೇರಿಯ ಬೇವಿನ ಮರದ ಕೆಳಗೆ ಒಂದು ಸಣ್ಣ ಸಭೆ ಮಾಡಿದೆವು. ಭಾಷಣ ಮುಗಿದಿತ್ತು, ಹಾಡು ಮುಗಿದಿತ್ತು. ನಾವು ಈ ಪತ್ರಿಕೆಯ ಪ್ರತಿಗಳನ್ನು ಮಾರುತ್ತಾ ಇದ್ದೆವು. ಹಿಂದೆ ಕೂತಿದ್ದ ಒಬ್ಬ ತಾಯಿ ಎದ್ದು ಬಂದಳು. ಅವಳ ಮಗ ನಮ್ಮ ಹಾಗೆಯೇ ಹಾಸ್ಟೆಲ್ ಹುಡುಗ. ಯಾರದೋ ತೋಟದ ಮೋಟಾರಿನ ಕೇಬಲ್ ಕಳುವಾಯಿತು ಅಂತ ಒಂದು ಠಾಣೆಯವರು ಅವನನ್ನು ಎತ್ತಿಕೊಂಡು ಹೋದರು. ಎರಡು ರಾತ್ರಿ ಇಟ್ಟುಕೊಂಡರು. ಮೂರನೇ ದಿನ ಬೆಳಿಗ್ಗೆ "ಕದ್ದವನು ಬೇರೆಯವನು, ನೀನು ಹೋಗು" ಅಂತ ಬಿಟ್ಟರು. ಅಷ್ಟರಲ್ಲಿ ಅವನ ಬಲಗೈ ಮುರಿದಿತ್ತು. ಕೇಸಿಲ್ಲ, ಕಾಗದವಿಲ್ಲ, ಹಿಡಿದದ್ದಕ್ಕೆ ಗುರುತಿಲ್ಲ, ಬಿಟ್ಟದ್ದಕ್ಕೆ ರಸೀದಿಯಿಲ್ಲ. ಪರೀಕ್ಷೆ ತಪ್ಪಿತು. ಕೈ ಕಟ್ಟಿಸಲು ಅವ್ವ ಎರಡು ಮೇಕೆ ಮಾರಿದಳು.

ಆ ತಾಯಿ ನಮ್ಮನ್ನು ಕೇಳಿದ್ದು ಇಷ್ಟೇ: "ಅಲ್ಲ ಕಣಪ್ಪಾ, ನಮ್ಮ ಎಮ್ಮೆ ಗೌಡ್ರ ಹೊಲ್ದಾಗೆ ಶೇಂಗಾ ಮೇಯ್ದ್ರೆ ದೊಡ್ಡಿಗೆ ಹೊಡ್ಕೊಂಡು ಹೋಗ್ತಾರೆ. ದಂಡ ಕಟ್ಟಿ ಬಿಡಿಸ್ಕೊಂಡು ಬರ್ತೀವಿ. ನನ್ನ ಮಗನ ಕೈ ಮುರಿದೋರು ಎಲ್ಲಿ ಕಟ್ತಾರೆ ದಂಡ?"

ನಮ್ಮಲ್ಲೊಬ್ಬ ಅವಸರದಲ್ಲಿ, "ಪರಿಹಾರಕ್ಕೆ ಒಂದು ಅರ್ಜಿ ಹಾಕೋಣ ಬಿಡವ್ವ" ಅಂದ.

"ಅರ್ಜಿ ಹಾಕಿ ಬೇಡೋದಾ? ನಾನು ಕೇಳಿದ್ದು ದಂಡ" ಅಂದಳು ತಾಯಿ.

ನಮಗೆ ನಾಚಿಕೆಯಾಯಿತು. ಬಿ.ಎ. ಓದಿದ ನಾವು ಪರಿಹಾರಕ್ಕೂ ದಂಡಕ್ಕೂ ಇರುವ ವ್ಯತ್ಯಾಸವನ್ನು ಅಕ್ಷರ ಬಾರದ ಆ ತಾಯಿಯಿಂದ ಕಲಿಯಬೇಕಾಯಿತು. ಪರಿಹಾರ ಕೊಡುವವನ ದಯೆ. ದಂಡ ತಪ್ಪು ಮಾಡಿದವನ ಸಾಲ. ಈ ಸಂಚಿಕೆಯ ಸಂಪಾದಕೀಯ ಅವಳ ಪ್ರಶ್ನೆಗೆ ನಾವು ಕೊಡಲಾಗದೆ ಬಂದ ಉತ್ತರ.

ಮೊದಲು ಕಾನೂನಿನ ಕಥೆ ಕೇಳಿ. ಸರ್ಕಾರದ ಮೇಲೆ ದಾವೆ ಹೂಡಬಹುದು ಅಂತ ಸಂವಿಧಾನದ 300ನೇ ವಿಧಿ ಹೇಳುತ್ತದೆ. ಆದರೆ ಎಷ್ಟರಮಟ್ಟಿಗೆ? ಸಂವಿಧಾನ ಬರುವ ಮುಂಚೆ ಹಿಂದಿನ ಸರ್ಕಾರಗಳ ಮೇಲೆ ಎಷ್ಟು ಹೂಡಬಹುದಿತ್ತೋ ಅಷ್ಟು. ಹಿಂದಿನದು ಅಂದರೆ 1935ರ ಕಾಯ್ದೆ. ಅದು 1915ರ ಕಾಯ್ದೆ ನೋಡು ಅನ್ನುತ್ತದೆ. ಅದು 1858ರದನ್ನು ನೋಡು ಅನ್ನುತ್ತದೆ. 1858ರದು ಈಸ್ಟ್ ಇಂಡಿಯಾ ಕಂಪನಿಯ ಕಡೆಗೆ ಬೊಟ್ಟು ಮಾಡುತ್ತದೆ. ಅಂದರೆ ಗೆಳೆಯರೇ, ಇವತ್ತು ನಮ್ಮ ಕೈ ಮುರಿದರೆ ಸರ್ಕಾರ ಹೊಣೆಯೋ ಅಲ್ಲವೋ ಅಂತ ತಿಳಿಯಲು, ಆವತ್ತು ಕಂಪನಿ ಹೊಣೆಯಾಗುತ್ತಿತ್ತೋ ಇಲ್ಲವೋ ಅಂತ ಹುಡುಕಬೇಕು. ಕಂಪನಿ ಹೋಗಿ ಒಂದೂವರೆ ಶತಮಾನ ದಾಟಿತು. ಅದರ ನೆರಳು ಇನ್ನೂ ಹೋಗಿಲ್ಲ.

1861ರಲ್ಲಿ ಕಲ್ಕತ್ತೆಯಲ್ಲಿ ಒಂದು ಕೇಸು ನಡೆಯಿತು. ಸರ್ಕಾರಿ ಹಡಗುಕಟ್ಟೆಯ ಕೂಲಿಗಳು ಭಾರವಾದ ಕಬ್ಬಿಣ ಹೊತ್ತು ರಸ್ತೆ ದಾಟುತ್ತಿದ್ದರು. ಕುದುರೆಗಾಡಿ ಬಂತು. ಗಾಬರಿಯಲ್ಲಿ ಕಬ್ಬಿಣ ಕೆಳಗೆ ಬಿಟ್ಟರು. ಸದ್ದಿಗೆ ಬೆದರಿದ ಕುದುರೆ ಗಾಯ ಮಾಡಿಕೊಂಡಿತು. ಕುದುರೆಯ ಒಡೆಯರಾದ ಇಂಗ್ಲಿಷ್ ಹಡಗು ಕಂಪನಿಯವರು 350 ರೂಪಾಯಿ ನಷ್ಟ ಕೇಳಿ ಸರ್ಕಾರದ ಮೇಲೆ ದಾವೆ ಹಾಕಿದರು. ಸರ್ಕಾರ ಕೊಡಬೇಕು ಅಂತ ತೀರ್ಪಾಯಿತು. ಕುದುರೆಗೆ ನ್ಯಾಯ ಸಿಕ್ಕಿತು. ಆದರೆ ಆ ತೀರ್ಪಿನೊಳಗೆ ನಮ್ಮ ಪಾಲಿನ ಒಂದು ಮುಳ್ಳು ಉಳಿಯಿತು. ಹಡಗುಕಟ್ಟೆ ನಡೆಸುವುದು ವ್ಯಾಪಾರದಂಥ ಕೆಲಸ, ಅದಕ್ಕೆ ಸರ್ಕಾರ ಹೊಣೆ. ಆದರೆ ಆಳುವ ಕೆಲಸ, ರಾಜನ ಕೆಲಸ, ಅದರಲ್ಲಿ ತಪ್ಪಾದರೆ ಸರ್ಕಾರದ ಮೇಲೆ ದಾವೆ ಇಲ್ಲ ಅಂದರು. ಇದಕ್ಕೆ ವಕೀಲರು 'ಸಾರ್ವಭೌಮ ವಿನಾಯಿತಿ' ಅನ್ನುತ್ತಾರೆ. ನಮ್ಮ ಮಾತಿನಲ್ಲಿ ಹೇಳುವುದಾದರೆ, ಧಣಿ ಹೊಡೆದರೆ ಕೇಳಬಾರದು ಅನ್ನುವ ಹಟ್ಟಿಯ ಹಳೇ ಕಟ್ಟಳೆಯೇ ಇಲ್ಲಿ ಕರಿ ಕೋಟು ಹಾಕಿಕೊಂಡು ಬಂದಿದೆ.

ಸ್ವಾತಂತ್ರ್ಯ ಬಂದ ಮೇಲೆ? 1962ರಲ್ಲಿ ರಾಜಸ್ಥಾನದ ಒಂದು ಕೇಸಿನಲ್ಲಿ ಸುಪ್ರೀಂ ಕೋರ್ಟು ಸ್ವಲ್ಪ ಬಾಗಿಲು ತೆರೆಯಿತು. ಸರ್ಕಾರಿ ಜೀಪು ಹಾದಿಹೋಕನೊಬ್ಬನನ್ನು ಕೊಂದಿತ್ತು. ಜೀಪಿನ ತಪ್ಪಿಗೆ ಸರ್ಕಾರ ಹೊಣೆ ಎಂದಿತು. ಆದರೆ ಮೂರು ವರ್ಷದೊಳಗೆ ಕಸ್ತೂರಿಲಾಲ್ ಕೇಸಿನಲ್ಲಿ ಅದೇ ಬಾಗಿಲು ಮುಚ್ಚಿತು. 1947ರ ಸೆಪ್ಟೆಂಬರಿನಲ್ಲಿ ಮೀರತ್ ಪೊಲೀಸರು ಒಬ್ಬ ವ್ಯಾಪಾರಿಯನ್ನು ಅನುಮಾನದ ಮೇಲೆ ಹಿಡಿದು, ಅವನ ಹತ್ತಿರವಿದ್ದ ನೂರು ತೊಲಕ್ಕೂ ಹೆಚ್ಚು ಬಂಗಾರ ವಶ ಮಾಡಿಕೊಂಡಿದ್ದರು. ಮನುಷ್ಯನನ್ನು ಬಿಟ್ಟರು. ಬಂಗಾರ ಬರಲಿಲ್ಲ. ಠಾಣೆಯ ಹೆಡ್ ಕಾನ್‌ಸ್ಟೇಬಲ್ಲನೇ ಅದನ್ನು ಎತ್ತಿಕೊಂಡು ಪಾಕಿಸ್ತಾನಕ್ಕೆ ಓಡಿದ್ದ. ಪೊಲೀಸರ ಅಸಡ್ಡೆಯಿಂದಲೇ ಬಂಗಾರ ಹೋಯಿತು ಅಂತ ಕೋರ್ಟು ಒಪ್ಪಿಕೊಂಡಿತು. ಆದರೂ ಹಿಡಿಯುವುದು, ಜಪ್ತಿ ಮಾಡುವುದು ರಾಜನ ಕೆಲಸ, ಹಾಗಾಗಿ ಸರ್ಕಾರ ಕೊಡಬೇಕಿಲ್ಲ ಅಂತ ತೀರ್ಪು ಕೊಟ್ಟಿತು. ಇದು ನ್ಯಾಯವಲ್ಲ, ಶಾಸನಸಭೆಗಳು ಕಾನೂನು ಮಾಡಿ ಸರಿಪಡಿಸಬೇಕು ಅಂತ ಕೋರ್ಟೇ ಹೇಳಿತು. ಬಂಗಾರದಂಗಡಿ ಧಣಿಗೇ ಹೀಗಾದರೆ, ಎರಡು ಮೇಕೆ ಮಾರಿದ ತಾಯಿಯ ಗತಿ ಏನು?

ಸರ್ಕಾರಕ್ಕೆ ಗೊತ್ತಿಲ್ಲದ ವಿಷಯವಲ್ಲ ಇದು. 1956ರಲ್ಲಿ ಕಾನೂನು ಆಯೋಗದ ಮೊಟ್ಟಮೊದಲ ವರದಿ ಇದೇ ವಿಷಯದ ಮೇಲೆ ಬಂತು. ಈ ವಿನಾಯಿತಿ ಸ್ವತಂತ್ರ ದೇಶಕ್ಕೆ ಒಪ್ಪುವುದಿಲ್ಲ, ಕಾನೂನು ಮಾಡಿ ಅಂತ ಹೇಳಿತು. 1965ರಲ್ಲಿ ಒಂದು ಮಸೂದೆ, 1967ರಲ್ಲಿ ಇನ್ನೊಂದು ಮಸೂದೆ ಸಂಸತ್ತಿಗೆ ಬಂದವು. ಎರಡೂ ಬಿದ್ದುಹೋದವು. ಆಮೇಲೆ ಎಷ್ಟು ಪಕ್ಷಗಳು, ಎಷ್ಟು ಬಣ್ಣದ ಬಾವುಟಗಳು ಬಂದು ಹೋದವು! ಈ ಒಂದು ವಿಷಯದಲ್ಲಿ ಎಲ್ಲರೂ ಒಂದೇ ಜಾತಿ. 1979ರಲ್ಲಿ ನಾಗರಿಕ ಮತ್ತು ರಾಜಕೀಯ ಹಕ್ಕುಗಳ ಅಂತರರಾಷ್ಟ್ರೀಯ ಒಡಂಬಡಿಕೆಗೆ ಭಾರತ ಒಪ್ಪಿಗೆ ಕೊಟ್ಟಾಗಲೂ ಒಂದು ಮಾತನ್ನು ಹೊರಗಿಟ್ಟಿತು. ಕಾನೂನು ಮೀರಿ ಬಂಧಿಸಿದರೆ ಬಂಧಿತನಿಗೆ ನಷ್ಟ ಪಡೆಯುವ ಹಕ್ಕಿದೆ ಅನ್ನುವ ಮಾತು ಅದು. ಇಂಥ ಹಕ್ಕು ನಮ್ಮ ಕಾನೂನಿನಲ್ಲಿಲ್ಲ ಅಂತ ಲೋಕದ ಮುಂದೆ ಬರೆದುಕೊಟ್ಟಿತು.

ಇನ್ನು ನಮ್ಮ ಮನೆಯ ಬಾಗಿಲಿಗೆ ಬನ್ನಿ. 1963ರ ಕರ್ನಾಟಕ ಪೊಲೀಸ್ ಕಾಯ್ದೆಯ 170ನೇ ಕಲಂ ಓದಿ. ಪೊಲೀಸ್ ಅಧಿಕಾರಿ ಕರ್ತವ್ಯದ ಹೆಸರಿನಲ್ಲಿ ಮಾಡಿದ ತಪ್ಪಿಗಷ್ಟೇ ಅಲ್ಲ, ಅಧಿಕಾರ ಮೀರಿ ಮಾಡಿದ ತಪ್ಪಿಗೂ ಸರ್ಕಾರದ ಪೂರ್ವಾನುಮತಿ ಇಲ್ಲದೆ ಕ್ರಿಮಿನಲ್ ಕೇಸೂ ಇಲ್ಲ, ಸಿವಿಲ್ ದಾವೆಯೂ ಇಲ್ಲ. ಮೀರಿದವನನ್ನು ಹಿಡಿಯಲು ಮೀರಿದವನ ಯಜಮಾನನ ಅಪ್ಪಣೆ ಬೇಕು! 2020ರ ಜೂನ್‌ನಲ್ಲಿ ಸುಪ್ರೀಂ ಕೋರ್ಟು ಬೆಂಗಳೂರಿನ ಒಂದು ಪ್ರಕರಣದಲ್ಲಿ, ಪೊಲೀಸ್ ವಶದಲ್ಲಿ ಹೊಡೆದರು ಎಂಬ ಖಾಸಗಿ ದೂರನ್ನು ಈ ಅನುಮತಿ ಇಲ್ಲವೆಂಬ ಕಾರಣಕ್ಕೇ ರದ್ದು ಮಾಡಿತು. ಹೊಡೆದರೋ ಇಲ್ಲವೋ ಎಂಬ ವಿಚಾರಣೆಯ ತನಕ ಆ ದೂರು ಹೋಗಲೇ ಇಲ್ಲ.

ನಮಗಾಗಿಯೇ ಮಾಡಿದ ಕಾಯ್ದೆ ಇದೆಯಲ್ಲ, 1989ರ ದೌರ್ಜನ್ಯ ತಡೆ ಕಾಯ್ದೆ, ಅದನ್ನೂ ಕೊನೆಯವರೆಗೆ ಓದಿ. 4ನೇ ಕಲಂ ಚೆನ್ನಾಗಿದೆ. ಬೇಕೆಂತಲೇ ಕರ್ತವ್ಯ ಮಾಡದ ಅಧಿಕಾರಿಗೆ ಆರು ತಿಂಗಳಿಂದ ಒಂದು ವರ್ಷದವರೆಗೆ ಜೈಲು. ಆದರೆ ಅದಕ್ಕೂ ಮುಂಚೆ ಇಲಾಖೆಯ ವಿಚಾರಣೆ ನಡೆದು ಶಿಫಾರಸು ಬರಬೇಕು. 22ನೇ ಕಲಂ ಇನ್ನೂ ಚೆನ್ನಾಗಿದೆ, ಅವರಿಗೆ. ಈ ಕಾಯ್ದೆಯ ಕೆಳಗೆ ಸದುದ್ದೇಶದಿಂದ ಮಾಡಿದ ಯಾವ ಕೆಲಸಕ್ಕೂ ಸರ್ಕಾರದ ಮೇಲೆ, ಅಧಿಕಾರಿಯ ಮೇಲೆ ದಾವೆ ಇಲ್ಲ. ಸದುದ್ದೇಶ ಇತ್ತೋ ಇಲ್ಲವೋ ಅಂತ ಯಾರು ಹೇಳಬೇಕು? ಸದುದ್ದೇಶ ಅವರದು, ಬಾಸುಂಡೆ ನಮ್ಮದು.

ಇದು ನಮ್ಮ ದೇಶದ ಪಾಡು ಮಾತ್ರ ಅಂತ ತಿಳಿಯಬೇಡಿ. ಅಮೆರಿಕದಲ್ಲಿ ಕರಿಯರ ಮೇಲೆ ಮುಸುಕು ಹಾಕಿದ ಕ್ಲಾನ್ ಗುಂಪುಗಳು ದಾಳಿ ಮಾಡುತ್ತಿದ್ದಾಗ, 1871ರಲ್ಲಿ ಒಂದು ಕಾಯ್ದೆ ಬಂತು. ಸರ್ಕಾರಿ ಅಧಿಕಾರ ಬಳಸಿ ಹಕ್ಕು ಕಿತ್ತುಕೊಂಡವನ ಮೇಲೆ ನಷ್ಟಕ್ಕೆ ದಾವೆ ಹಾಕಬಹುದು ಅಂದಿತು. ಆದರೆ 1961ರಲ್ಲಿ ಮಿಸಿಸಿಪ್ಪಿಯ ಬಸ್ ನಿಲ್ದಾಣದಲ್ಲಿ ಬಿಳಿಯರಿಗೆ ಮಾತ್ರ ಇದ್ದ ಕೊಠಡಿಗೆ ಕರಿಯ ಬಿಳಿಯ ಪಾದ್ರಿಗಳು ಒಟ್ಟಿಗೆ ಹೋದಾಗ ಪೊಲೀಸರು ಹಿಡಿದರು. ಪಾದ್ರಿಗಳು ಅದೇ ಕಾಯ್ದೆಯಡಿ ದಾವೆ ಹಾಕಿದರು. 1967ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ಪೊಲೀಸರಿಗೆ ಸದುದ್ದೇಶದ ರಕ್ಷಣೆ ಉಂಟು ಅಂದಿತು. ಆ ರಕ್ಷಣೆ ಆಮೇಲೆ ಬೆಳೆದು ದೊಡ್ಡ ಗೋಡೆಯಾಯಿತು. ಅದೇ ಸದುದ್ದೇಶ! ಆದರೂ ಆ ಜನ ಬಿಡಲಿಲ್ಲ. ಜಾರ್ಜ್ ಫ್ಲಾಯ್ಡ್‌ನನ್ನು ಪೊಲೀಸ್ ಮಂಡಿಯ ಕೆಳಗೆ ಉಸಿರುಗಟ್ಟಿಸಿ ಕೊಂದ ಮೇಲೆ, 2021ರ ಮಾರ್ಚಿನಲ್ಲಿ ಮಿನಿಯಾಪೊಲಿಸ್ ನಗರ ಅವನ ಕುಟುಂಬಕ್ಕೆ 2 ಕೋಟಿ 70 ಲಕ್ಷ ಡಾಲರ್ ಕೊಡಲು ಒಪ್ಪಿತು. ಅದು ಯಾವ ಮಂತ್ರಿಯ ನಿಧಿಯಿಂದ ಬಂದ ದಯೆಯೂ ಅಲ್ಲ. ದಾವೆ ಹೂಡಿ, ಬೀದಿಗಿಳಿದು ವಸೂಲಿ ಮಾಡಿದ್ದು.

ಹಾಗಾದರೆ ನಮಗೆ ದಾರಿಯೇ ಇಲ್ಲವಾ? ಇದೆ. ಈ ದಾರಿ ತೆರೆದವರು ದೊಡ್ಡ ಮನುಷ್ಯರಲ್ಲ. ಬಿಹಾರದ ರುದುಲ್ ಶಾ ಎಂಬ ಬಡವನನ್ನು 1968ರಲ್ಲಿ ಕೋರ್ಟು ನಿರ್ದೋಷಿ ಅಂದಿತು. ಜೈಲಿನವರು ಬಿಟ್ಟಿದ್ದು 1982ರಲ್ಲಿ. ಹದಿನಾಲ್ಕು ವರ್ಷ ಸುಮ್ಮನೆ ಒಳಗೆ! 1983ರಲ್ಲಿ ಸುಪ್ರೀಂ ಕೋರ್ಟು ಮೂಲಭೂತ ಹಕ್ಕು ಮುರಿದದ್ದಕ್ಕೆ ಸರ್ಕಾರ 35 ಸಾವಿರ ರೂಪಾಯಿ ಕೊಡಬೇಕು ಅಂದಿತು. ಮೊತ್ತ ನೋಡಿದರೆ ನಗು ಬರುತ್ತದೆ, ಆದರೆ ಮೊದಲ ಬಿರುಕು ಅದು. ಆಮೇಲೆ ಒಡಿಶಾದ ನೀಲಾಬತಿ ಬೆಹೆರಾ. 22 ವರ್ಷದ ಅವಳ ಮಗನನ್ನು 1987ರಲ್ಲಿ ಪೊಲೀಸರು ಕರೆದೊಯ್ದರು. ಮಾರನೇ ದಿನ ರೈಲು ಹಳಿಯ ಮೇಲೆ ಹೆಣ ಸಿಕ್ಕಿತು. ಅವಳು ಸುಪ್ರೀಂ ಕೋರ್ಟಿಗೆ ಒಂದು ಕಾಗದ ಬರೆದಳು. ಕೋರ್ಟು ಕಾಗದವನ್ನೇ ರಿಟ್ ಅರ್ಜಿಯಾಗಿ ತೆಗೆದುಕೊಂಡಿತು. 1993ರಲ್ಲಿ ಒಂದೂವರೆ ಲಕ್ಷ ಕೊಡಿಸಿತು. ಮೂಲಭೂತ ಹಕ್ಕು ಮುರಿದಾಗ ಸಾರ್ವಭೌಮ ವಿನಾಯಿತಿ ಅನ್ನುವ ಗುರಾಣಿ ನಡೆಯುವುದಿಲ್ಲ ಅಂತ ಸ್ಪಷ್ಟವಾಗಿ ಹೇಳಿತು. 1996ರ ಡಿ.ಕೆ. ಬಸು ತೀರ್ಪು ಅದನ್ನೇ ಗಟ್ಟಿ ಮಾಡಿತು.

ಆದರೆ ಇದೂ ಪೂರ್ತಿ ಬಾಗಿಲಲ್ಲ, ಕಿಟಕಿ. ತಪ್ಪು ಕಣ್ಣಿಗೆ ರಾಚುವಂತಿದ್ದು, ಕಾಗದದಲ್ಲಿ ಸಾಬೀತಾಗಿದ್ದರೆ ಮಾತ್ರ ಹೈಕೋರ್ಟು, ಸುಪ್ರೀಂ ಕೋರ್ಟು ಹೀಗೆ ಹಣ ಕೊಡಿಸುತ್ತವೆ. ಪೊಲೀಸರು "ಅವನೇ ಬಿದ್ದು ಕೈ ಮುರಕೊಂಡ" ಅಂದರೆ ಸಿವಿಲ್ ಕೋರ್ಟಿಗೆ ಹೋಗಿ ಅನ್ನಬಹುದು. ಸಿವಿಲ್ ಕೋರ್ಟಿನ ಬಾಗಿಲಲ್ಲಿ ಕಸ್ತೂರಿಲಾಲ್ ತೀರ್ಪು ಇನ್ನೂ ಕೂತಿದೆ. ಆಮೇಲಿನ ತೀರ್ಪುಗಳು ಅದನ್ನು ಸವೆಸಿವೆ, ಕಿತ್ತುಹಾಕಿಲ್ಲ.

ನಮ್ಮ ರಾಜ್ಯದಲ್ಲೇ ಏನಾಯಿತು ನೋಡಿ. ವೀರಪ್ಪನ್ ಹಿಡಿಯಲು ಹೋದ ಕರ್ನಾಟಕ, ತಮಿಳುನಾಡಿನ ವಿಶೇಷ ಪಡೆಯವರು ಮಲೆ ಮಹದೇಶ್ವರ ಬೆಟ್ಟದ ಸುತ್ತಿನ ಬಡವರನ್ನು, ಕಾಡುಜನರನ್ನು ಹಿಡಿದು ತಂದರು. 'ವರ್ಕ್‌ಶಾಪ್' ಅಂತ ಕರೆಯುತ್ತಿದ್ದ ಜಾಗದಲ್ಲಿ ಕರೆಂಟ್ ಕೊಟ್ಟರು ಅಂತ ಸಂತ್ರಸ್ತರು ಸಾಕ್ಷಿ ಹೇಳಿದರು. ಕೇಳಿಕೊಂಡವರು ನ್ಯಾಯಮೂರ್ತಿ ಎ.ಜೆ. ಸದಾಶಿವ. ಒಳಮೀಸಲಾತಿ ವರದಿಯಿಂದ ನಮಗೆಲ್ಲ ಗೊತ್ತಿರುವ ಅದೇ ಸದಾಶಿವ. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ ಅವರ ಸಮಿತಿಯನ್ನು 1999ರಲ್ಲಿ ನೇಮಿಸಿತು. 89 ಮಂದಿಗೆ ಒಟ್ಟು 2 ಕೋಟಿ 80 ಲಕ್ಷ ರೂಪಾಯಿ ಮಧ್ಯಂತರ ಪರಿಹಾರ ಕೊಡಿ ಅಂತ ಆಯೋಗ ಶಿಫಾರಸು ಮಾಡಿದ್ದು 2007ರಲ್ಲಿ. ಗಮನಿಸಿ, ಎಂಟು ವರ್ಷ ಕಳೆದ ಮೇಲೆ, ಅದೂ ಶಿಫಾರಸು. ಆಯೋಗದ ಮಾತಿಗೆ ಡಿಕ್ರಿಯ ಬಲವಿಲ್ಲ. 2004ರ ಅಕ್ಟೋಬರಿನಲ್ಲಿ ವೀರಪ್ಪನ್ ಸತ್ತಾಗ ತಮಿಳುನಾಡು ಸರ್ಕಾರ ಪಡೆಯವರಿಗೆ ಬಹುಮಾನ ಘೋಷಿಸಲು ಎಂಟು ವರ್ಷ ತಗೊಳ್ಳಲಿಲ್ಲ.

ನಮ್ಮ ಜಿಲ್ಲೆಯ ಗಾಯ ಇನ್ನೂ ಹಸಿ. 2023ರ ಆಗಸ್ಟ್ ಮೊದಲ ವಾರ. ಚಿತ್ರದುರ್ಗ ನಗರದ ಕವಾಡಿಗರಹಟ್ಟಿ, ದಲಿತರೇ ಹೆಚ್ಚಿರುವ ಬಡಾವಣೆ. ನಗರಸಭೆಯ ನಲ್ಲಿ ನೀರು ಕುಡಿದ ಜನಕ್ಕೆ ವಾಂತಿ ಭೇದಿ ಹತ್ತಿತು. ಒಬ್ಬರ ಹಿಂದೆ ಒಬ್ಬರು ಸತ್ತರು. ನೂರಕ್ಕೂ ಹೆಚ್ಚು ಮಂದಿ ಆಸ್ಪತ್ರೆ ಸೇರಿದರು. ಆಮೇಲೆ ಎಲ್ಲವೂ ವಾಡಿಕೆಯಂತೆ ನಡೆಯಿತು. ಕಾರುಗಳು ಬಂದವು, ಕೆಲವರ ಅಮಾನತು ಆಯಿತು, ಪರಿಹಾರದ ಘೋಷಣೆ ಆಯಿತು. ಪರಿಹಾರ ಬೇಡ ಅಂತ ನಾವು ಹೇಳುತ್ತಿಲ್ಲ. ಹೆಣ ಮುಂದಿಟ್ಟುಕೊಂಡವರಿಗೆ ಆ ದುಡ್ಡು ಬೇಕೇ ಬೇಕು. ನಮ್ಮ ತಕರಾರು ಒಂದೇ. ಚೆಕ್ಕಿನ ಜೊತೆ "ತಪ್ಪು ನಮ್ಮದು, ಇಷ್ಟು ನಿಮಗೆ ಬಾಕಿ" ಅಂತ ಒಂದು ಸಾಲು ಬರೆಯುವ ಪದ್ಧತಿ ಎಲ್ಲಿದೆ? ಸರ್ಕಾರ ಕೊಟ್ಟದ್ದು ಸಹಾಯ ಅನ್ನಿಸಿಕೊಳ್ಳುತ್ತದೆ. ಸಹಾಯ ಪಡೆದವನು ಕೈ ಮುಗಿಯಬೇಕು. ತನ್ನ ಮನೆಯ ಸಾವಿಗೆ ಕಾರಣರಾದವರಿಗೇ ಕೈ ಮುಗಿಯಬೇಕು! ಕಣ ಗುಡಿಸಿ ಬಿದ್ದ ಕಾಳನ್ನು ಜೀತದವನ ಸೆರಗಿಗೆ ಸುರಿದು ಧರ್ಮ ಅಂದ ಧಣಿಗೂ ಇದಕ್ಕೂ ವ್ಯತ್ಯಾಸ ಏನು? ಆ ಕಾಳು ಧರ್ಮವಲ್ಲ, ಅವನ ಕೂಲಿ.

ಇಲ್ಲಿ ನಮ್ಮ ಕೆಲವು ಗೆಳೆಯರು ಒಂದು ಪ್ರಶ್ನೆ ಎತ್ತುತ್ತಾರೆ. ಮಾನಕ್ಕೆ ಬೆಲೆ ಕಟ್ಟುವುದಾ? ದುಡ್ಡು ಇಸಕೊಂಡರೆ ಕೇಸು ಮುಚ್ಚಿದ ಹಾಗಲ್ಲವಾ? ಈ ಭಯ ಸುಳ್ಳಲ್ಲ. ಊರಿನ ನ್ಯಾಯದ ಕಟ್ಟೆಯಲ್ಲಿ ಐದು ಸಾವಿರ, ಹತ್ತು ಸಾವಿರ ಕೈಗಿಟ್ಟು ರಾಜಿ ಮಾಡಿಸಿದ್ದನ್ನು ನಾವು ಕಂಡಿದ್ದೇವೆ. ಆದರೆ ನಾವು ಕೇಳುತ್ತಿರುವುದು ರಾಜಿಯ ದುಡ್ಡಲ್ಲ. ರಾಜಿ ತಪ್ಪನ್ನು ಮುಚ್ಚುತ್ತದೆ. ಕೋರ್ಟಿನ ಡಿಕ್ರಿ ತಪ್ಪಿಗೆ ಹೆಸರಿಟ್ಟು ಲೆಕ್ಕ ಬರೆಯುತ್ತದೆ. ಜೈಲು ಬೇರೆ, ಇದು ಬೇರೆ. ಒಂದು ಇನ್ನೊಂದನ್ನು ತಿನ್ನಬಾರದು.

ಇನ್ನೂ ಒಂದು ಪ್ರಶ್ನೆ ಇದೆ, ಅದು ಇದಕ್ಕಿಂತ ಕಷ್ಟದ್ದು. ಸರ್ಕಾರ ದಂಡ ಕಟ್ಟಿದರೆ ಅದು ಯಾರ ದುಡ್ಡು? ಬೀಡಿ ಬೆಂಕಿಪೊಟ್ಟಣಕ್ಕೆ ತೆರಿಗೆ ಕಟ್ಟುವ ನಮ್ಮದೇ ದುಡ್ಡು. ಹೊಡೆದವನ ಸಂಬಳ ಹಾಗೇ ಉಳಿಯುತ್ತದೆ. ಸೊಲ್ಲಾಪುರದಲ್ಲಿ ಒಬ್ಬ ವಿಚಾರಣಾ ಕೈದಿಗೆ ಕೋಳ ತೊಡಿಸಿ ಬೀದಿಯಲ್ಲಿ ಮೆರವಣಿಗೆ ಮಾಡಿದ್ದಕ್ಕೆ ಬಾಂಬೆ ಹೈಕೋರ್ಟು, ಇನ್‌ಸ್ಪೆಕ್ಟರೇ 10 ಸಾವಿರ ಕೊಡಲಿ ಅಂದಿತ್ತು. 1991ರಲ್ಲಿ ಸುಪ್ರೀಂ ಕೋರ್ಟು ಅವನ ಬದಲು ಸರ್ಕಾರ ಕೊಡಲಿ ಅಂದಿತು. ಆದರೆ ಗಾಳಿ ತಿರುಗಬಹುದು. ತಮಿಳುನಾಡಿನ ವಾಚಾತಿ ಎಂಬ ಬುಡಕಟ್ಟು ಹಳ್ಳಿಯಲ್ಲಿ 1992ರ ಜೂನ್‌ನಲ್ಲಿ ಗಂಧದ ಮರದ ನೆಪದಲ್ಲಿ ಅರಣ್ಯ, ಪೊಲೀಸ್, ಕಂದಾಯದವರು ನುಗ್ಗಿ ದೌರ್ಜನ್ಯ ನಡೆಸಿದರು, 18 ಹೆಣ್ಣುಮಕ್ಕಳ ಮೇಲೆ ಅತ್ಯಾಚಾರವಾಯಿತು. 2011ರಲ್ಲಿ ಬದುಕುಳಿದಿದ್ದ 215 ನೌಕರರಿಗೆ ಶಿಕ್ಷೆಯಾಯಿತು. 2023ರ ಸೆಪ್ಟೆಂಬರಿನಲ್ಲಿ ಮದ್ರಾಸ್ ಹೈಕೋರ್ಟು ಶಿಕ್ಷೆ ಎತ್ತಿಹಿಡಿದು, ಆ ಹೆಣ್ಣುಮಕ್ಕಳಿಗೆ ತಲಾ 10 ಲಕ್ಷ ಕೊಡಿ, ಅದರಲ್ಲಿ ಅರ್ಧ ಅಪರಾಧಿಗಳಿಂದಲೇ ವಸೂಲು ಮಾಡಿ ಅಂದಿತು. ಮೂವತ್ತೊಂದು ವರ್ಷ ಹಿಡಿಯಿತು. ಆದರೂ ದಂಡ ಅಂದರೆ ಅದು!

ಹಾಸ್ಟೆಲಿನ ತಮ್ಮಂದಿರೇ, ತಂಗಿಯರೇ, ಈಗ ನಿಮ್ಮ ಕೆಲಸ. ಕವನ ಬರೆಯಿರಿ, ಬೇಡ ಅನ್ನುವುದಿಲ್ಲ. ಅದೇ ಪೆನ್ನಿನಲ್ಲಿ ಇದನ್ನೂ ಬರೆಯಲು ಕಲಿಯಿರಿ. ಯಾರನ್ನಾದರೂ ಠಾಣೆಗೆ ಎಳೆದೊಯ್ದರೆ ದಿನ, ಹೊತ್ತು, ಜೀಪಿನ ನಂಬರು ಬರೆದಿಡಿ. ಬಂಧಿಸಿದವರು ಬಂಧನದ ಪತ್ರ ಬರೆದು ಮನೆಯವರ ಅಥವಾ ಊರಿನವರ ಸಹಿ ಹಾಕಿಸಬೇಕು, ಮನೆಗೆ ಸುದ್ದಿ ಮುಟ್ಟಿಸಬೇಕು, 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕು. ಕೇಳಿ. ಬಿಟ್ಟ ಕೂಡಲೇ ಸರ್ಕಾರಿ ಆಸ್ಪತ್ರೆಗೆ ಹೋಗಿ, ಗಾಯ ಹೇಗಾಯಿತು ಅಂತ ಹೇಳಿ ಬರೆಸಿ. ನಾಟಿ ವೈದ್ಯರ ಕಟ್ಟು ಕೈ ಕೂಡಿಸುತ್ತದೆ, ಕೋರ್ಟಿಗೆ ಸಾಕ್ಷಿಯಾಗುವುದಿಲ್ಲ. ಅನ್ಯಾಯದ ಬಂಧನಕ್ಕೆ ನಷ್ಟ ಕೇಳುವ ದಾವೆಗೆ ಬಿಡುಗಡೆಯಾದ ದಿನದಿಂದ ಒಂದೇ ವರ್ಷ ಗಡುವು. ಸರ್ಕಾರಕ್ಕೆ ಎರಡು ತಿಂಗಳ ನೋಟೀಸು ಮೊದಲೇ ಕೊಡಬೇಕು. ದುಡ್ಡಿಲ್ಲ ಅಂತ ಹಿಂದೆ ಸರಿಯಬೇಡಿ. 1987ರ ಕಾನೂನು ಸೇವೆಗಳ ಕಾಯ್ದೆಯ ಪ್ರಕಾರ ಪರಿಶಿಷ್ಟ ಜಾತಿ, ಪಂಗಡದವರಿಗೆ ಆದಾಯದ ಮಿತಿ ಇಲ್ಲದೆ ವಕೀಲರ ನೆರವು ಪುಕ್ಕಟೆ. ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಹೋಗಿ ಕೇಳಿ. ನೀಲಾಬತಿ ಬರೆದದ್ದು ಒಂದು ಕಾಗದ ಅಂತ ನೆನಪಿಡಿ.

ಸರ್ಕಾರದ ಮುಂದೆ ನಮ್ಮ ಬೇಡಿಕೆ ಮೂರು. ಒಂದು, 300ನೇ ವಿಧಿ ಸಂಸತ್ತಿಗೆ ಮಾತ್ರವಲ್ಲ, ರಾಜ್ಯದ ಶಾಸನಸಭೆಗೂ ಕಾನೂನು ಮಾಡುವ ಅಧಿಕಾರ ಕೊಟ್ಟಿದೆ. ಬಾಬಾಸಾಹೇಬರ ಸಂವಿಧಾನ ಬಾಗಿಲಿಟ್ಟಿದೆ, ಒಳಗೆ ಹೋಗುವ ಮನಸ್ಸು ವಿಧಾನಸೌಧಕ್ಕೆ ಬೇಕು. ಕಂಪನಿಯ ಕಾಲದ ವಿನಾಯಿತಿ ಕಿತ್ತುಹಾಕುವ ಕಾಯ್ದೆ ಮಾಡಿ. ಎರಡು, ಪೊಲೀಸ್ ಕಾಯ್ದೆಯ 170ನೇ ಕಲಂನಿಂದ ನಷ್ಟದ ದಾವೆಗಳನ್ನು ಹೊರಗೆ ತೆಗೆಯಿರಿ. ಮೂರು, ಕೊಟ್ಟ ಹಣದಲ್ಲಿ ಒಂದು ಪಾಲು ತಪ್ಪು ಮಾಡಿದವನ ಸಂಬಳದಿಂದ ಹಿಡಿಯಿರಿ.

ಯಲ್ಲದಕೆರೆಯ ಅವ್ವ, ನಿನ್ನ ಪ್ರಶ್ನೆಗೆ ಇವತ್ತಿನ ಉತ್ತರ ಇದು: ಅವರು ದಂಡ ಕಟ್ಟುವ ಜಾಗ ಇನ್ನೂ ಸರಿಯಾಗಿ ಕಟ್ಟಿಲ್ಲ. ಅರ್ಧ ಗೋಡೆ ಎದ್ದಿದೆ, ಅದನ್ನು ಎಬ್ಬಿಸಿದವರು ನಿನ್ನಂಥ ತಾಯಂದಿರೇ. ನಿನ್ನ ಮಗನ ಒಂದು ವರ್ಷದ ಗಡುವು ಇನ್ನೂ ಮುಗಿದಿಲ್ಲ. ಮುಂದಿನ ವಾರ ನಾವು ಬರುತ್ತೇವೆ, ಅರ್ಜಿ ಬರೆಯಲು ಅಲ್ಲ, ನೋಟೀಸು ಬರೆಯಲು. ಹೆಬ್ಬೆಟ್ಟು ಒತ್ತಲು ತಯಾರಿರು.

ದಯೆ ಬೇಡ, ಬಾಕಿ ಕೊಡಿ! ಜೈಭೀಮ್!